ಮಾವ ತೋಡಿದ ಮರಳುಗುಂಡಿ

ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುವ ನೂಲಣ್ಣನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಅವನ ಯಂತ್ರ ಹೋದಲ್ಲಿ ಗೆರೆ ನೂಲು ಹಿಡಿದಂತೆ ನೇರ. ಕೆಲಸ ಕಲಿಸಿದವರು ಅವನ ಮಾವ, ಹೆಂಡತಿಯ ತಂದೆ. ಅವರು ತೀರಿಕೊಂಡ ಮೇಲೆ ಮಗಳ ಜೊತೆಗೆ ಮೈದಾನವನ್ನೂ ತನಗೇ ಧಾರೆಯೆರೆದು ಕೊಟ್ಟಂತೆ ಅಳಿಯ ಮೆರೆದ.

ಮಾವನ ಕೆಲಸದಲ್ಲಿ ಅವನಿಗೆ ಹಿಡಿಸದ್ದು ಒಂದೇ: ಏಳನೆಯ ಗ್ರೀನಿನ ಪಕ್ಕದ ಮರಳುಗುಂಡಿ. ಚೆಂಡಿನ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಆ ಹುಲ್ಲುಹಾಸಿಗೆ ಒತ್ತಿಕೊಂಡೇ ಇದ್ದು, ಗುರಿ ತಪ್ಪಿದ ಚೆಂಡನ್ನು ನುಂಗಬೇಕಾದ ಗುಂಡಿ ಅದರಿಂದ ಎರಡು ಮಾರು ದೂರ ಬಿದ್ದಿತ್ತು. "ನಿಮ್ಮಪ್ಪ ಕಣ್ಣು ಮುಚ್ಕೊಂಡು ತೋಡಿದ್ರೇನೆ?" ಎಂದು ಊಟಕ್ಕೆ ಕೂತಾಗಲೆಲ್ಲ ಹೆಂಡತಿಯನ್ನು ಕಿಚಾಯಿಸುತ್ತಿದ್ದ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಗೆದ್ದೆ ಅಂದುಕೊಳ್ಳುತ್ತಿದ್ದ, ಪುಣ್ಯಾತ್ಮ.

ಹಳೆಯದಾದ ಆ ಮೈದಾನವನ್ನು ಮೊದಲಿದ್ದಂತೆಯೇ ಮಾಡಬೇಕೆಂದು ಅದರ ಆಡಳಿತ ಸಮಿತಿ ತೀರ್ಮಾನಿಸಿದಾಗ ಸಲಹೆಗೆ ಅವನನ್ನೂ ಕರೆದರು. ದಿನಾ ಆ ನೆಲ ತುಳಿದವನಿಗಿಂತ ಬಲ್ಲವರು ಯಾರು? ಮುಂದಿನ ಕುರ್ಚಿಯಲ್ಲಿ ಕೂತು ಎದೆಯುಬ್ಬಿಸಿ ಹೇಳಿದ: "ಏಳನೇ ಗುಂಡಿ ಮುಚ್ಚಿಬಿಡಿ ಸಾರ್. ತೋಡಿದೋರು ನಮ್ಮ ಮಾವನೇ. ಏನ್ ಮಾಡೋದು, ಪಾಪ, ಅಂದಾಜು ಸಾಲದು."

ಸಭೆಗೆ ಸಭೆಯೇ ನಕ್ಕಿತು. ಹೊರಗಿನಿಂದ ಕರೆಸಿದ್ದ ಸಲಹೆಗಾರ್ತಿ ಮಾತ್ರ, "ಮುಚ್ಚೋಕೆ ಮೊದಲು ನೆಲ ಒಂದ್ಸಲ ನೋಡೋಣ್ವಾ?" ಎಂದರು.

"ನೋಡಿ ಮೇಡಂ, ನಿಮ್ಮ ಸಮಾಧಾನಕ್ಕೆ," ಎಂದ ನೂಲಣ್ಣ.

ಎಲ್ಲರೂ ಅಲ್ಲಿಗೆ ನಡೆದರು. ಆಕೆ ಟೊಳ್ಳು ಕೊಳವೆಯೊಂದನ್ನು ಗ್ರೀನಿನಲ್ಲಿ ಒತ್ತಿ ತೆಗೆದರು: ಮೇಲೆ ಮಣ್ಣು, ಕೆಳಗೆ ನೀರು ಬಸಿಯಲು ಹಾಕಿದ ಸಣ್ಣ ಜಲ್ಲಿ. ಗ್ರೀನಿನ ಕೆಳಗಲ್ಲದೆ ಬೇರೆಲ್ಲೂ ಅದನ್ನು ಹಾಕುವುದಿಲ್ಲ. ಅಂಚು ದಾಟಿ ಒರಟು ಹುಲ್ಲಿನಲ್ಲಿ ಒತ್ತಿದರು. ಅಲ್ಲೂ ಜಲ್ಲಿ. ಇನ್ನೂ ಮುಂದೆ, ಅಲ್ಲೂ. ಜಲ್ಲಿ ಮುಗಿದದ್ದು ಮಾವನ ಗುಂಡಿಯ ದಡದಲ್ಲಿ.

ನೂಲಣ್ಣನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಯಂತ್ರ ಅಂಚಿನಾಚೆ ಹೋದರೆ ಉದ್ದ ಹುಲ್ಲು ಬೋಳಾಗಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಒಂದು ಬೆರಳಗಲ ಒಳಗೇ ತಿರುಗಿಸಿದರೆ ಯಾರಿಗೂ ಕಾಣದು. ವರ್ಷಗಟ್ಟಲೆ ಅವನು ಒಳಗೇ ತಿರುಗಿಸಿದ್ದ. ಗುಂಡಿ ಇದ್ದಲ್ಲೇ ಇತ್ತು, ಕತ್ತರಿಸದೆ ಬಿಟ್ಟ ಅಂಚೆಲ್ಲ ಒರಟು ಹುಲ್ಲಾಗಿ ಗ್ರೀನೇ ಹಿಂದೆ ಸರಿದಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ನೆಲವನ್ನೂ ತಾನೇ ಡೊಂಕು ಮಾಡಿ ತಪ್ಪನ್ನು ಸತ್ತವರ ತಲೆಗೆ ಕಟ್ಟಿದ್ದ.

"ಎಲ್ಲಾ ಕಡೆ ಹೀಗಾಗುತ್ತೆ, ಯಾರ ತಪ್ಪೂ ಅಲ್ಲ," ಎಂದರು ಸಲಹೆಗಾರ್ತಿ. ಆ ಮಾತಿನ ಮರೆಯಲ್ಲಿ ಅವನು ತೆಪ್ಪಗೆ ನಿಂತ. ಸಮಿತಿಯವರು ಟೀ ಕುಡಿಯಲು ಹೊರಟರು, ಅವನು ಮನೆಗೆ ಬಂದ.

ಬೂಟು ಬಿಚ್ಚುತ್ತಿದ್ದಾಗ ಹೆಂಡತಿ ಕೇಳಿದಳು: "ಅಪ್ಪನ ಗುಂಡಿ ಮುಚ್ತಾರಂತಾ?"

"ಇಲ್ಲ. ಅದು ಸರಿಯಾದ ಜಾಗದಲ್ಲೇ ಇದೆ. ಗ್ರೀನ್ ಚಿಕ್ಕದು ಮಾಡಿದ್ದು ನಾನು." ಅವನಿಗೆ ತಲೆಯೆತ್ತಲಾಗಲಿಲ್ಲ.

"ಅಲ್ಲಿ ಹೇಳಿದ್ರಾ ಇದನ್ನ?"

"ಅಲ್ಲಿ ಮಾವನ್ನ ಆಡ್ಕೊಂಡು ಎಲ್ಲರನ್ನೂ ನಗಿಸಿದ್ದೆ."

"ನಕ್ಕೋರು ಇನ್ನೂ ಅಲ್ಲೇ ಇದ್ದಾರಾ?"

"ಟೀ ಕುಡೀತಿದ್ದಾರೆ."

ಅವನು ಬಿಚ್ಚಿಟ್ಟ ಬೂಟನ್ನು ಅವಳು ತಂದು ಅವನ ಕಾಲ ಮುಂದೆ ಇಟ್ಟಳು. ನೂಲಣ್ಣ ಅದನ್ನು ಮತ್ತೆ ಹಾಕಿಕೊಂಡ.