ಸಾವಿನ ಮನೆಯಲ್ಲಿ ಮುಯ್ಯಿ ಇಲ್ಲ

ಆ ಭಾನುವಾರ ನಾವು ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ನೆಂಟರನ್ನು ಕರೆಯಲು ಹೋಗಿದ್ದೆವು. ನಮ್ಮ ಯಜಮಾನರು ಬೈಕ್ ಓಡಿಸುತ್ತಿದ್ದರು. ಮಗಳು ಮುಂದೆ ಟ್ಯಾಂಕಿನ ಮೇಲೆ, ನಾನು ಹಿಂದೆ, ತೊಡೆಯ ಮೇಲೆ ಕಾರ್ಡುಗಳ ಚೀಲ. ಸಾತನೂರಿನ ಮನೆಗಳನ್ನು ಮುಗಿಸಿ ದೊಡ್ಡಆಲಹಳ್ಳಿಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಅಲ್ಲಿ ಅವರ ಸೋದರತ್ತೆಯ ಮನೆ. ಸೋದರತ್ತೆ ಜಗುಲಿಯ ಮೇಲೆ ಕೂತು ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದರು. ಕಾರ್ಡನ್ನು ದೂರ ಹಿಡಿದು ನೋಡಿದರು.

“ಏನ್ಲಾ, ಸ್ಕೂಲಿಗೆ ಓಗೋ ಮಗೀಗೆ ಈಗ ಕಿವಿ ಚುಚ್ಚುಸ್ತೀಯಾ? ಇಷ್ಟು ದಿನ ಅದಕ್ಕೆ ಕಿವಿ ಇರ್ಲಿಲ್ವಾ?”

“ಕಿವಿ ಇತ್ತು ಕಣತ್ತೆ. ದುಡ್ಡಿರ್ಲಿಲ್ಲ.”

“ಈಗ ಬಂದ್ಬುಡ್ತಾ?”

“ನೀವೆಲ್ಲ ಬಂದ್ರೆ ಬತ್ತದೆ.”

ಸೋದರತ್ತೆ ಕೈಯಲ್ಲಿದ್ದ ಸೊಪ್ಪನ್ನು ಅವರ ಮೇಲೆ ಎಸೆದು ನಕ್ಕರು. “ಕಳ್ಳ ನನ್ಮಗ್ನೆ, ಮಗೀ ಕಿವಿ ಅಲ್ಲ ಕಣ್ಲಾ, ನಮ್ ಕಿವಿ ಚುಚ್ಚಾಕೆ ಬಂದಿದ್ದೀಯ.”

ಅವರೂ ನಕ್ಕರು. ಮಜ್ಜಿಗೆ ಕುಡಿದು ಹೊರಟೆವು. ದಾರಿಯಲ್ಲಿ ಕಟ್ಟುತ್ತಿದ್ದ ಮನೆ ಕಂಡಲ್ಲೆಲ್ಲ ಅವರು ಬೈಕ್ ನಿಧಾನ ಮಾಡಿ, “ನೋಡಮ್ಮಿ, ಗೋಡೆ ಎಂಗೆ ವಾಲೈತೆ” ಎನ್ನುತ್ತಿದ್ದರು. ನನ್ನ ಕಣ್ಣಿಗೆ ಯಾವ ಗೋಡೆಯೂ ವಾಲಿದಂತೆ ಕಾಣುತ್ತಿರಲಿಲ್ಲ. ನಾವು ಮೂವರೂ ಒಟ್ಟಿಗೆ ಹೊರಗೆ ಹೋದದ್ದು ಅದೇ ಕೊನೆ.

ಅವರು ಗಾರೆ ಕೆಲಸದವರು. ಮದುವೆಗೆ ಮೊದಲಿನಿಂದಲೂ ಒಬ್ಬ ಮೇಸ್ತ್ರಿಯ ಕೈಕೆಳಗೆ ಹಾರೋಹಳ್ಳಿ ಕಡೆ ಕೆಲಸ ಮಾಡುತ್ತಿದ್ದರು. ಅಲ್ಲಿ ಫ್ಯಾಕ್ಟರಿಗಳಿಗೆ ಬರುವವರಿಗಾಗಿ ಬಾಡಿಗೆ ಮನೆಗಳನ್ನು ಒಂದರ ಮೇಲೊಂದು ಕಟ್ಟುತ್ತಲೇ ಇರುತ್ತಾರೆ. ತಾನೇ ಮನೆಗಳನ್ನು ಗುತ್ತಿಗೆಗೆ ಹಿಡಿದು ಕಟ್ಟಬೇಕು ಎಂಬುದು ಅವರ ಆಸೆ. ಕೆಲಸ ಗೊತ್ತಿತ್ತು. ಜೊತೆಗೆ ಬರಲು ಇಬ್ಬರು ಗೆಳೆಯರಿದ್ದರು. ಸಾತನೂರಿನ ಒಬ್ಬರು ತಮ್ಮ ಮನೆಯ ಕೆಲಸ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರು. ಇಲ್ಲದ್ದು ಕಾಂಕ್ರೀಟ್ ಕಲಸುವ ಮಿಷನ್, ಚಾವಣಿಯ ಹಸಿ ಕಾಂಕ್ರೀಟನ್ನು ಹೊರುವ ಸೆಂಟ್ರಿಂಗ್ ಶೀಟು, ಅದನ್ನು ಎತ್ತಿ ನಿಲ್ಲಿಸುವ ಕಬ್ಬಿಣದ ಜಾಕಿಗಳು. ಎಲ್ಲವನ್ನೂ ಬಾಡಿಗೆಗೆ ತಂದರೆ ಲಾಭವೆಲ್ಲ ಬಾಡಿಗೆಯವನಿಗೇ ಹೋಗುತ್ತದೆ ಎಂದು ಅವರು ಹೇಳುತ್ತಿದ್ದರು.

ಕನಕಪುರದ ಬ್ಯಾಂಕಿಗೆ ನಾನೂ ಜೊತೆಗೆ ಹೋಗಿದ್ದೆ. ಎಸ್ಸೆಸ್ಸೆಲ್ಸಿ ಓದಿದವಳು, ಅರ್ಜಿ ತುಂಬಲು ಬೇಕಾಗುತ್ತೇನೆ ಎಂದು ಕರೆದುಕೊಂಡು ಹೋದರು. ಅಧಿಕಾರಿ ಕೇಳಿದರು, “ನಿಮ್ಮ ಬಿಸಿನೆಸ್ ಎಲ್ಲಿದೆ?”

“ಇನ್ನೂ ಶುರು ಮಾಡಿಲ್ಲ ಸಾ. ಶುರು ಮಾಡಾಕೇ ಸಾಲ.”

“ಶುರು ಮಾಡಿ, ಎರಡು ಮೂರು ವರ್ಷ ನಡೆಸಿ, ಲೆಕ್ಕ ತೋರಿಸಿ. ಆಮೇಲೆ ನೋಡೋಣ.”

ಹೊರಗೆ ಬಂದು ಬೈಕಿಗೆ ಕೀ ಹಾಕುತ್ತಾ ಅವರು ಹೇಳಿದರು, “ಮೂರು ವರ್ಷ ನಡುಸ್ದೋನಿಗೆ ಇವ್ರ ಸಾಲ ಯಾಕ್ ಬೇಕಮ್ಮಿ?” ಫೈನಾನ್ಸಿನವರು ಕೊಡಲು ತಯಾರಿದ್ದರು. ಆದರೆ ಬಡ್ಡಿಯನ್ನು ಮೊದಲೇ ಹಿಡಿದುಕೊಂಡು ಕೊಡುತ್ತಾರೆ. ಅದು ಬೇಡವೆಂದು ನಮ್ಮತ್ತೆ ಹಟ ಹಿಡಿದರು. ಮುಯ್ಯಿಯ ಯೋಚನೆ ಹೇಳಿದ್ದೂ ಅವರೇ.

ನಮ್ಮ ಕಡೆ ಮದುವೆಯಾಗಲಿ, ಗೃಹಪ್ರವೇಶವಾಗಲಿ, ಊಟ ಮಾಡಿ ಕೈ ತೊಳೆದ ಮೇಲೆ ಕವರಿನಲ್ಲಿ ದುಡ್ಡು ಇಟ್ಟು ಕೊಡುತ್ತಾರೆ. ನೋಡುವವರಿಗೆ ಅದು ಉಡುಗೊರೆ. ನಮಗೆ ಅದು ಮುಯ್ಯಿ. ನಾವು ಯಾರಿಗೆ ಕೊಟ್ಟೆವೋ, ನಮ್ಮ ಮನೆಯಲ್ಲಿ ಕಾರ್ಯ ನಡೆದಾಗ ಅವರು ಅಷ್ಟನ್ನೂ, ಮೇಲೆ ಒಂದಿಷ್ಟನ್ನು ಸೇರಿಸಿ ತಂದು ಹಾಕಬೇಕು. ಕಾರ್ಯ ಮಾಡದೆ ಕೇಳುವ ಹಾಗಿಲ್ಲ. ಅತ್ತೆ ಡೈರಿಗೆ ಹಾಲು ಹಾಕಿ ಬಂದ ದುಡ್ಡಿನಲ್ಲಿ ಸುತ್ತಮುತ್ತಲ ಊರುಗಳ ಮದುವೆಗಳಿಗೆಲ್ಲ ವರ್ಷಗಟ್ಟಲೆ ಮುಯ್ಯಿ ಹಾಕಿದ್ದರು. ಮಗನ ಮದುವೆಯಲ್ಲಿ ಎಲ್ಲವೂ ತಿರುಗಿ ಬರುತ್ತದೆ ಎಂದು ನಂಬಿದ್ದರು. ನಮ್ಮ ಮದುವೆ ಆದದ್ದು ಕೊರೊನಾ ಕಾಲದಲ್ಲಿ. ಎರಡು ಮನೆಯವರು, ಒಬ್ಬ ಪೂಜಾರಿ, ಅಷ್ಟೇ.

“ನನ್ ದುಡ್ಡು ಊರೂರಲ್ಲಿ ಬಿದ್ದೈತೆ. ಮಗೀ ಕಿವಿ ಚುಚ್ಸು, ಬಾಡೂಟ ಹಾಕು, ನಿನ್ ಮಿಷನ್ ಮನೆ ಬಾಗ್ಲಿಗೆ ಬತ್ತದೆ” ಎಂದು ಅತ್ತೆ ಮಗನಿಗೆ ಹೇಳಿದರು. ಯಾರು ಎಷ್ಟು ಕೊಡಬೇಕು ಎಂಬುದೆಲ್ಲ ಅವರ ಬಾಯಲ್ಲೇ ಇತ್ತು.

ಕಾರ್ಡ್ ಕೊಟ್ಟು ಬಂದ ಮರುದಿನ, ಸೋಮವಾರ, ನಮ್ಮ ಯಜಮಾನರು ಎಂದಿನಂತೆ ಕೆಲಸಕ್ಕೆ ಹೋದರು. ಅಂದು ಮೋಲ್ಡ್ ಹಾಕುವ ದಿನ. ಚಾವಣಿಗೆ ಕಾಂಕ್ರೀಟ್ ಸುರಿಯುವುದನ್ನು ಹಾಗೆ ಕರೆಯುತ್ತಾರೆ. ಒಮ್ಮೆ ಶುರು ಮಾಡಿದರೆ ಮುಗಿಯುವವರೆಗೆ ನಿಲ್ಲಿಸುವುದಿಲ್ಲ. ಆ ಮೇಸ್ತ್ರಿ ಶೀಟಿನ ಕೆಳಗೆ ಆನಿಸಿದ್ದು ಜಾಕಿಗಳನ್ನಲ್ಲ, ಮರದ ಬೊಂಬುಗಳನ್ನು. ಒಂದು ಮೂಲೆಯಲ್ಲಿ ಶೀಟು ಜಗ್ಗುತ್ತಿದೆ ಎಂದು ಮೇಲಿನಿಂದ ಯಾರೋ ಕೂಗಿದರು. ಅದನ್ನು ನೋಡಲು ಕೆಳಗೆ ಹೋದವರು ಅವರು. ಆ ಮೂಲೆ ಅವರ ಮೇಲೆ ಬಿತ್ತು. ಇದನ್ನು ನನಗೆ ಹೇಳಿದ್ದು ಅವರ ಇಬ್ಬರು ಗೆಳೆಯರು, ಕನಕಪುರದ ಆಸ್ಪತ್ರೆಯ ಹೊರಗೆ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮನೆಯ ಮುಂದೆ ಸ್ನಾನ ಮಾಡಿಸುವಾಗ ತಲೆಕೂದಲಿನ ಸಿಮೆಂಟು ಗಟ್ಟಿಯಾಗಿತ್ತು. ಬಿಸಿನೀರಿಗೂ ಬಿಡಲಿಲ್ಲ. ಹಾಗೆಯೇ ಮಣ್ಣು ಮಾಡಿದರು.

ತಿಥಿಗೆ ಬಂದವರಲ್ಲಿ ಹೆಚ್ಚಿನವರು ನಾವು ಕಾರ್ಡ್ ಕೊಟ್ಟು ಬಂದಿದ್ದವರೇ. ಊಟಕ್ಕೆ ಮೊದಲು ಗೆಳೆಯರಿಬ್ಬರೂ ನನ್ನನ್ನು ಕೊಟ್ಟಿಗೆಯ ಕಡೆ ಕರೆದರು. ದೊಡ್ಡವನು ತಲೆ ತಗ್ಗಿಸಿಕೊಂಡೇ ಮಾತಾಡಿದ.

“ಅಕ್ಕ, ಈಗ ಏಳೋ ಮಾತಲ್ಲ. ಆದ್ರೂ ಏಳ್ತೀನಿ. ಸಾತನೂರಿನ ಮನೆ ಇನ್ನೂ ಯಾರ್ಗೂ ಕೊಟ್ಟಿಲ್ಲ. ಮಿಷನ್ನು, ಶೀಟು ನಿಮ್ಮದು ಅಂತ ಇದ್ರೆ ನಾವಿಬ್ರು ದುಡೀತೀವಿ. ಲೆಕ್ಕ ನೀವ್ ನೋಡ್ಕೊಳಿ. ಅಣ್ಣನ ಪಾಲು ನಿಮ್ಗೆ.”

ಅತ್ತು ಅತ್ತು ಖಾಲಿಯಾಗಿದ್ದ ನನಗೆ ಆ ಮಾತು ಹಿಡಿದುಕೊಳ್ಳಲು ಒಂದು ಕಂಬ ಸಿಕ್ಕಿದ ಹಾಗಾಯಿತು. ಸಿಮೆಂಟಿನ ಲೆಕ್ಕ ನಾನು ಬರೆಯಬಲ್ಲೆ. ಕೆಲಸದವರಿಗೆ ಬಟವಾಡೆ ಮಾಡಬಲ್ಲೆ. ಅವರು ಅಂದುಕೊಂಡದ್ದು ಅವರಿಲ್ಲದೆಯೂ ನಡೆಯಬಹುದು ಎಂದು ಮೊದಲ ಸಲ ಅನ್ನಿಸಿತು. ಬೇಕಾದದ್ದು ದುಡ್ಡು ಮಾತ್ರ.

ದುಡ್ಡು ಮನೆಗೆ ಬಂದೂ ಇತ್ತು. ಊಟವಾದ ಮೇಲೆ ದೊಡ್ಡಆಲಹಳ್ಳಿಯ ಸೋದರತ್ತೆ ಸೊಂಟದಿಂದ ಕವರ್ ತೆಗೆದು ನನ್ನ ಕೈಗೆ ಇಡಲು ಬಂದರು. “ಅವನು ಮಾಡೋ ಕಾರ್ಯಕ್ಕೆ ಅಂತಲೇ ಎತ್ತಿಟ್ಟಿದ್ದೆ ಕಣವ್ವ. ಇಸ್ಕೊ.” ಅವರ ಹಿಂದೆ ಇನ್ನೂ ನಾಲ್ಕೈದು ಜನ ಕೈಯಲ್ಲಿ ಕವರ್ ಹಿಡಿದು ನಿಂತಿದ್ದರು.

ಮೂಲೆಯಲ್ಲಿ ಕೂತಿದ್ದ ಅತ್ತೆ ಎದ್ದು ಬಂದು ನನ್ನ ಕೈ ಹಿಂದಕ್ಕೆ ಎಳೆದರು.

“ಬ್ಯಾಡ. ಒಳಗಿಟ್ಕೊ.”

“ಇದು ನಿಮ್ಮದೇ ದುಡ್ಡು ಕಣತ್ಗೆ. ನನ್ ಮಗನ ಮದ್ವೇಲಿ ನೀವೇ ಹಾಕಿದ್ದು.”

“ಮದ್ವೇಗೆ ಹಾಕಿದ್ದು. ಇದನ್ನ ಈಗ ಇಸ್ಕೊಂಡ್ರೆ ನಾಳೆ ನಾನು ನಿಮ್ಮನೇಲಿ ಏನಾದಾಗ ತಿರುಗ್ಸಲಿ? ನೀನು ಸಾವಿಗೆ ಹಾಕ್ದೆ. ನಾನೂ ಸಾವಿಗೇ ಹಾಕ್ಬೇಕಾಯ್ತದೆ. ನಿಂಗೂ ಇಬ್ರು ಗಂಡುಮಕ್ಕಳವ್ರೆ.”

ಸೋದರತ್ತೆಯ ಕೈ ತಾನಾಗಿಯೇ ಹಿಂದೆ ಹೋಯಿತು. ಹಿಂದಿದ್ದವರೂ ಕವರುಗಳನ್ನು ಜೇಬಿಗೆ ಹಾಕಿಕೊಂಡರು. ನಮ್ಮ ಚಿಕ್ಕಮಾವ ಸಮಾಧಾನ ಮಾಡಲು ನೋಡಿದರು. “ಮುಯ್ಯಿ ಅನ್ಬೇಡಿ ಅತ್ಗೆ, ಸಹಾಯ ಅನ್ನಿ. ಸೊಸೆಗೂ ಮಗೀಗೂ ದಾರಿ ಬೇಕಲ್ಲ.”

“ಎಸ್ರು ಬದಲಾಯ್ಸುದ್ರೆ ಬಾಕಿ ಬದಲಾಯ್ತದೇನಪ್ಪ?” ಎಂದರು ಅತ್ತೆ.

ನನಗೆ ಅಂದು ಅವರ ಮೇಲೆ ಸಿಟ್ಟು ಬಂತು. ಮಗನನ್ನು ಕಳೆದುಕೊಂಡವರ ಮೇಲೆ ಸಿಟ್ಟು ತೋರಿಸುವುದು ಹೇಗೆ? ಮುಂದಿನ ವಾರಗಳಲ್ಲಿ ಅದೇ ಮನೆಗಳಿಗೆ ಹೋಗಿ ಸಾಲವಾಗಿ ಕೊಡಿ ಎಂದು ಕೇಳಿದೆ. ಕಾಫಿ ಕೊಟ್ಟರು. ಹುಷಾರಾಗಿರು ಎಂದರು. “ವರ್ಷ ಕಳೀಲಿ, ಕಾರ್ಯ ಮಾಡು, ಎಲ್ಲಿದ್ರೂ ಬತ್ತೀವಿ” ಎಂದರು. ಸಾಲ ಕೊಡಬೇಕಾದರೆ ಕೊಡುವವರಿಗೆ ಧೈರ್ಯ ಬೇಕು. ಗಂಡ ಸತ್ತ ಹೆಂಗಸು ಮನೆ ಕಟ್ಟಿಸುವ ಗುತ್ತಿಗೆ ಹಿಡಿಯುತ್ತಾಳೆ ಎಂದರೆ ಯಾರಿಗೆ ಧೈರ್ಯ ಬರುತ್ತದೆ?

ಬ್ಯಾಂಕಿಗೂ ಇನ್ನೊಮ್ಮೆ ಹೋದೆ. ಈ ಸಲ ಬೇರೆ ಅಧಿಕಾರಿ, ಒಳ್ಳೆಯವರು. ಕೂರಿಸಿ ಮಾತಾಡಿಸಿದರು. “ಈ ಕೆಲಸದಲ್ಲಿ ನಿಮಗೆ ಅನುಭವ ಇದೆಯಾ?”

“ನಮ್ಮ ಯಜಮಾನರಿಗಿತ್ತು” ಎಂದೆ.

ಅವರು ಕಂಪ್ಯೂಟರಿನ ಕಡೆ ತಿರುಗಿದರು. ನಾನೇ ಎದ್ದು ಬಂದೆ.

ಸಾತನೂರಿನವರು ದೀಪಾವಳಿಯವರೆಗೆ ಕಾದು, ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಗೆಳೆಯರಿಬ್ಬರೂ ಮನೆಗೆ ಬಂದು, ಹೇಳಿಯೇ, ರಾಮನಗರದ ಕಡೆ ಇನ್ನೊಬ್ಬ ಮೇಸ್ತ್ರಿಯ ಹತ್ತಿರ ಸೇರಿಕೊಂಡರು. ಅವರಿಗೂ ಮನೆಗಳಿವೆ. ನಾನು ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದೆ.

ವರ್ಷದ ತಿಥಿ ಮುಗಿದ ಮೇಲೆ ಅತ್ತೆಯೇ ಮಾತು ತೆಗೆದರು. “ಈಗ ಕಾರ್ಯ ಮಾಡ್ಬೋದು. ನಾನಿರೋಗಂಟ ಇಸ್ಕೊಂಬುಡು ಮಗ. ನಾನೋದ್ರೆ ಯಾರೂ ನೆಪ್ಪಾಗಿ ತಂದ್ಕೊಡಾಕಿಲ್ಲ.”

ಮಾಡಿದೆವು. ನನ್ನ ಅಣ್ಣ ಬಂದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಆರತಿ ಎತ್ತುವಾಗ ನಾನು ಅಡುಗೆಯವರ ಕಡೆ ಹೋಗಿ ನಿಂತೆ. ಮಗು ಅತ್ತದ್ದು ಅಲ್ಲಿಗೆ ಕೇಳಿಸಿತು. ಜನ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಬಂದರು. ಕೈ ತೊಳೆದು ಸಾಲಾಗಿ ನಿಂತು ಕವರ್ ಕೊಟ್ಟರು. ಯಾರೂ ತಪ್ಪಿಸಲಿಲ್ಲ. ಸಂಜೆ ಕವರುಗಳನ್ನು ಬಿಡಿಸುತ್ತಾ ಅತ್ತೆ ಗೊಣಗಿದರು. “ಎಲ್ರೂ ಒಸಿ ಜಾಸ್ತೀನೇ ಹಾಕವ್ರೆ. ತಿರುಗ್ಸೋಕಾದ್ರೂ ಇನ್ನೊಂದಷ್ಟು ದಿನ ನಾನ್ ಬದುಕ್ಬೇಕಾಯ್ತು.” ಎಷ್ಟೋ ದಿನಗಳ ಮೇಲೆ ನಾವಿಬ್ಬರೂ ನಕ್ಕೆವು. ನಕ್ಕ ಮೇಲೆ ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು.

ದುಡ್ಡನ್ನು ನನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಟ್ಟಿದ್ದೇನೆ. ಮಿಷನ್ನಿಗೂ ಶೀಟುಗಳಿಗೂ ಅದು ಸಾಲುತ್ತದೆ. ಯಾವ ಮಿಷನ್ ತರಬೇಕು, ಯಾವ ಕೆಲಸ ಹಿಡಿಯಬೇಕು, ಯಾವ ಗೋಡೆ ವಾಲಿದೆ ಎಂದು ಹೇಳುವವರು ಇಲ್ಲ.