ಡಾಕ್ಟರಿಗೆ ಹೇಳದ ಗುಳಿಗೆ

ಡಾಕ್ಟರರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಹಳೆಯ ಫೈಲ್ ಕಣ್ಣಿಗೆ ಬಿದ್ದರೆ ಸಾಕು, ಇದ್ದಬದ್ದ ಟೆಸ್ಟುಗಳನ್ನೆಲ್ಲ ಮತ್ತೆ ಬರೆದು ಕೈಗಿಡುತ್ತಾರೆ. ಹಾಗಾಗಿ ಬ್ಯಾಂಕಿನವರು ನನ್ನನ್ನು ಸಂಭಾಜಿನಗರದಿಂದ ನಾಸಿಕಕ್ಕೆ ವರ್ಗ ಮಾಡಿದಾಗ, ಅವ್ವನ ಹೃದಯದ ಕವಾಟದ ಆಪರೇಷನ್ ಫೈಲನ್ನು ಟ್ರಂಕಿನ ತಳಕ್ಕೆ ಸೇರಿಸಿದೆ. ರಕ್ತ ಹೆಪ್ಪುಗಟ್ಟದಿರಲೆಂದು ಅಲ್ಲಿಯವರು ಬರೆದ ಗುಳಿಗೆಯನ್ನು ಮಾತ್ರ ಅವಳು ದಿನಾ ಸಂಜೆ ತಪ್ಪದೆ ನುಂಗುತ್ತಿದ್ದಳು. ಆಗಾಗ ರಕ್ತ ಪರೀಕ್ಷೆ ಮಾಡಿಸಿ ಎಂದದ್ದನ್ನೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಳೆದ ವರ್ಷ ಅವ್ವನಿಗೆ ಉರಿಮೂತ್ರ, ಮೇಲೆ ಜ್ವರ. ನಮ್ಮ ಓಣಿಯ ಡಾಕ್ಟರ ಹತ್ತಿರ ಕರೆದೊಯ್ದೆ. ಬಾಗಲಕೋಟೆಯ ಅವ್ವನಿಗೆ ಮರಾಠಿ ಬಾರದು, ಅವಳ ಪರವಾಗಿ ಮಾತಾಡುವವನು ನಾನೇ. ಬೇರೆ ಔಷಧ ಏನಾದರೂ ನಡೆದಿದೆಯೇ ಎಂದು ಡಾಕ್ಟರು ಕೇಳಿದ್ದನ್ನು ಅವಳಿಗೆ ಹೇಳಿದೆ.

"ರಕ್ತ ತೆಳ್ಳಗ ಮಾಡೂ ಗುಳಿಗಿ ಐತಲ್ಲ, ಅದನ್ನ ಹೇಳಪ್ಪಾ."

ಏನೂ ಇಲ್ಲ ಎಂದು ನಾನು ಡಾಕ್ಟರಿಗೆ ಹೇಳಿದೆ. ಹೇಳಿದ್ದರೆ ಮತ್ತೆ ಹೃದಯದ ಪರೀಕ್ಷೆ, ಅದರಲ್ಲೊಂದು ಕಮಿಷನ್. ನನ್ನನ್ನೇನು ಹುಚ್ಚ ಅಂದುಕೊಂಡಿದ್ದಾರಾ! ಅವರು ಐದು ದಿನದ ಆಂಟಿಬಯೋಟಿಕ್ ಬರೆದು, ಹೆಚ್ಚುಕಮ್ಮಿ ಆದರೆ ತಕ್ಷಣ ಬನ್ನಿ ಎಂದರು.

ಮೂರನೆಯ ದಿನ ಅವ್ವನ ಮುಂಗೈ ಮೇಲೆ ನೀಲಿ ಕಲೆಗಳು ಎದ್ದವು. ಸ್ನಾನ ಮಾಡಿಸುವಾಗ ಒರಟಾಗಿ ಹಿಡಿದೆಳೆದಿದ್ದಾಳೆ ಎಂದು ಮನೆಗೆಲಸದವಳ ಮೇಲೆ ಹರಿಹಾಯ್ದೆ. ಪಾಪ, ಆಕೆ ಅತ್ತಳು. ನಾಟಕ ಎಂದುಕೊಂಡೆ. ಮರುದಿನ ಬೆಳಿಗ್ಗೆ ಅವ್ವ ಬಾಯಿ ಮುಕ್ಕಳಿಸಿ ಉಗುಳಿದ ನೀರು ಕೆಂಪಗಿತ್ತು. ಎಲಾ ಇವನ, ಮೆಡಿಕಲ್ ಅಂಗಡಿಯವನು ನಕಲಿ ಮಾಲು ಕೊಟ್ಟಿದ್ದಾನೆ ಎಂದು ಸ್ಟ್ರಿಪ್ ಹಿಡಿದುಕೊಂಡು ಜಗಳಕ್ಕೇ ಹೋದೆ.

ಅವನು ನನ್ನ ಬೈಗುಳವನ್ನೆಲ್ಲ ಕೇಳಿಸಿಕೊಂಡು, ತಾಯಿಯವರು ಮತ್ತೇನು ತೆಗೆದುಕೊಳ್ಳುತ್ತಾರೆ ಎಂದಷ್ಟೇ ಕೇಳಿದ. ಸಿಟ್ಟಿನ ಭರದಲ್ಲಿ ನಿಜ ಬಾಯಿಗೆ ಬಂದುಬಿಟ್ಟಿತು. ಅವನ ಮುಖವೇ ಬದಲಾಯಿತು. ಈ ಆಂಟಿಬಯೋಟಿಕ್ ಜೊತೆ ಸೇರಿದರೆ ಆ ಗುಳಿಗೆಯ ಜೋರು ಮಿತಿಮೀರುತ್ತದೆ, ಹೊಟ್ಟೆಯಲ್ಲಿ, ತಲೆಯಲ್ಲೂ ರಕ್ತ ಸೋರಬಹುದು, ಜಗಳ ಆಮೇಲೆ ಆಡೋಣ, ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ ಎಂದ. ಆಟೋದಲ್ಲಿ ಅವ್ವನ ಪಕ್ಕ ಕೂತು, ಅವಳಿಗೆ ಏನಾದರೂ ಆದರೆ ಕೊಂದವನು ನಾನೇ ಎಂದು ದಾರಿಯುದ್ದಕ್ಕೂ ಹೆದರಿದೆ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ, ಆ ಗುಳಿಗೆಯನ್ನು ತಡೆಹಿಡಿದು, ಆಂಟಿಬಯೋಟಿಕ್ ಬದಲಿಸಿ, ಎರಡು ದಿನ ಇಟ್ಟುಕೊಂಡರು. ಅವ್ವ ಉಳಿದಳು. ಓಣಿಯ ಡಾಕ್ಟರು ತಾವಾಗಿಯೇ ನೋಡಲು ಬಂದರು. ಅಂದು ತಾವು ಅಷ್ಟು ಕೇಳಿದರೂ ಆ ಗುಳಿಗೆಯ ವಿಷಯ ಯಾಕೆ ಹೇಳಲಿಲ್ಲ, ತಾಯಿಯವರನ್ನು ಕೇಳಿ ಎಂದು ನನಗೇ ಹೇಳಿದರು.

ಕೇಳಿದೆ. ಅವ್ವ ಒಂದು ಗಳಿಗೆ ನನ್ನ ಮುಖ ನೋಡಿದಳು.

"ಮುದುಕಿಗೆ ಮರವು, ನೆನಪಾಗಲಿಲ್ಲ ಅಂತ ಹೇಳು."

ಒಂದಕ್ಷರವೂ ಬಿಡದೆ ಅದನ್ನೇ ಮರಾಠಿಯಲ್ಲಿ ಹೇಳಿದೆ.