ಪರದೆಯೊಳಗಿನ ಪಾಯಖಾನೆ

ಹುನಗುಂದದ ಕಡೆಯ ನಮ್ಮೂರ ಪಂಚಾಯಿತಿಗೆ ಬ್ರಾಡ್‌ಬ್ಯಾಂಡ್ ಬಂದ ವರ್ಷ, ನೇಕಾರರು ಕೆಲಸ ಮಾಡುವ ಜಾಗ ಹೇಗಿದೆ ಎಂದು ಕಂಪ್ಯೂಟರಿನಲ್ಲಿ ಪ್ರಶ್ನೆಪಟ್ಟಿ ತುಂಬಿ ಸರ್ಕಾರಕ್ಕೆ ತಿಳಿಸುವ ಹೊಣೆ ನನ್ನ ತಲೆಗೆ ಬಂತು. ಶಾಲೆಯ ಮಾಸ್ತರನಿಗೆ ಕಂಪ್ಯೂಟರ್ ಬರುತ್ತದೆಂದು ಯಾರೋ ಹಬ್ಬಿಸಿದ್ದರು. ನನಗೆ ಅದನ್ನು ಬಂದ್ ಮಾಡಲಷ್ಟೇ ಬರುತ್ತಿತ್ತು, ಅದೂ ಹೆದರುತ್ತ.

ಮೊದಲು ಇಳಕಲ್ ಸೀರೆ ನೇಯುವ ಶೆಡ್ಡಿಗೆ ಹೋದೆ. ಅಲ್ಲಿ ಕಂಡಿಕೆಗೆ ನೂಲು ಸುತ್ತುವ ಹೆಂಗಸರಲ್ಲಿ ಹಿರಿಯಳೊಬ್ಬಳು, ಬೇರೇನೂ ಬೇಡ, ಒಂದು ಪಾಯಖಾನೆ ಆದರೆ ಸಾಕು ಎಂದಳು. ಹಳ್ಳದ ಜಾಲಿಯ ಮರೆಗೆ ಹೋಗಬೇಕಾದೀತೆಂದು ಅವರು ಮುಂಜಾನೆಯಿಂದ ಸಂಜೆಯವರೆಗೆ ನೀರೇ ಕುಡಿಯುತ್ತಿರಲಿಲ್ಲ. ಖಂಡಿತ ಬರೆಯುತ್ತೇನೆ ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿ ಬಂದೆ.

ಆದರೆ ಕಂಪ್ಯೂಟರಿಗೆ ‘ಇಲ್ಲ’ ಎಂದರೆ ಸೇರುತ್ತಿರಲಿಲ್ಲ. ‘ಹೌದು’ ಒತ್ತಿದರೆ ಮುಂದಿನ ಪ್ರಶ್ನೆ. ‘ಇಲ್ಲ’ ಒತ್ತಿದರೆ ಕಾರಣವನ್ನು ಇಂಗ್ಲಿಷಿನಲ್ಲಿ ವಿವರಿಸಬೇಕು. ನಾನು ಸ್ಪೆಲ್ಲಿಂಗಿನ ಚಿಂತೆಯಲ್ಲಿದ್ದಾಗಲೇ ಲೈನು ಹೋಗಿ, ಮತ್ತೆ ಮೊದಲನೇ ಪ್ರಶ್ನೆ. ನೇಕಾರನಿಗೆ ಕುರ್ಚಿ ಇದೆಯೇ? ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವವನಿಗೆ ಎಂಥ ಕುರ್ಚಿ? ಮೂರು ದಿನ ಸೆಣಸಿದೆ. ನಾಲ್ಕನೆಯ ದಿನ, ಗಡುವು ತಪ್ಪಿದರೆ ನೋಟೀಸು ಬಂದೀತೆಂದು ಹೆದರಿ, ಕುರ್ಚಿ, ಗಾಳಿ, ಪಾಯಖಾನೆ ಎಲ್ಲಕ್ಕೂ ‘ಹೌದು’ ಒತ್ತಿಬಿಟ್ಟೆ. ಅವತ್ತು ಲೈನು ಒಮ್ಮೆಯೂ ಹೋಗಲಿಲ್ಲ.

ಹಿರಿಯಳಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಆಮೇಲೆ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದಳು.

ತಿಂಗಳೊಳಗೆ ನಮ್ಮ ‘ಮಾದರಿ ಶೆಡ್ಡು’ ನೋಡಲು ಬಾಗಲಕೋಟೆಯಿಂದ ಸಾಹೇಬರೊಬ್ಬರು ಬಂದರು. ಅಮೀನಗಡದಲ್ಲಿ ಇಳಿದು ಕರದಂಟು ತಿಂದು, ಎರಡು ಚಹಾ ಕುಡಿದು ಬಂದಿದ್ದರಂತೆ. ಶೆಡ್ಡಿಗೆ ಕಾಲಿಟ್ಟವರೇ ನನ್ನ ಕಿವಿಯಲ್ಲಿ, ಪಾಯಖಾನೆ ಎಲ್ಲಿ ಎಂದು ಕೇಳಿದರು.

ಪಕ್ಕದಲ್ಲೇ ಕೂತಿದ್ದ ಹಿರಿಯಳಿಗೂ ಅದು ಕೇಳಿಸಿತು. ಆಕೆ ಕಂಡಿಕೆ ಕೆಳಗಿಡದೆ ಉತ್ತರ ಕೊಟ್ಟಳು.

“ಅದು ಮಾಸ್ತರ ಕಂಪ್ಯೂಟರಿನ್ಯಾಗ ಐತ್ರಿ ಸಾಹೇಬ್ರ. ಗಡಬಡಿ ಇದ್ರ ಹಳ್ಳದ ಜಾಲಿ ಮರಿಗೆ ಹೋಗ್ರಿ. ಮುಳ್ಳು ನೋಡ್ಕೊಂಡು ಕುಂದರ್ರಿ.”

ಸಾಹೇಬರು ಹೋದರು. ಮರಳಿ ಬಂದು ಪ್ಯಾಂಟಿನ ಮುಳ್ಳು ಕೀಳುತ್ತ, ಪಾಯಖಾನೆ ಮಂಜೂರು ಮಾಡಿಸುತ್ತೇನೆ ಎಂದರು. ಕಂಪ್ಯೂಟರು ಒಪ್ಪಲಿಲ್ಲ: ಇರುವ ಕಡೆ ಮತ್ತೆ ಹೊಸದೇಕೆ? ಕೊನೆಗೆ ದುರಸ್ತಿಯ ಲೆಕ್ಕದಲ್ಲಿ ಮಂಜೂರಾಯಿತು. ಹಳೆಯದು ಹಾಳಾದದ್ದೇಕೆಂದು ಬರೆಯುವ ಕೆಲಸವೂ ನನಗೇ ಬಂತು. ‘ಅತಿಯಾದ ಬಳಕೆ’ ಎಂದು ಬರೆದೆ.

ಪಾಯಖಾನೆ ಕಟ್ಟಿ ಮುಗಿದ ದಿನ ಒಳಗೆ ಚಿಲಕ ಇದೆ ಎಂದು ನಾನೇ ಹಿರಿಯಳಿಗೆ ಹೇಳಿದೆ. ಆಕೆ ಒಳಗೆ ಹೋಗಿ, ಮೂರು ಸಲ ಹಾಕಿ ತೆಗೆದು ನೋಡಿದಳು.